ಸ್ಟಡ್ ಡ್ರೈವರ್ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೂ ತುದಿಗೆ ಥ್ರೆಡ್ ಇರುವ, ತಲೆಯಿಲ್ಲದ ಸ್ಟಡ್‌ಗಳನ್ನು ಟ್ಯಾಪ್ ಮಾಡಿದ (ಒಳಗೆ ಥ್ರೆಡ್ ಕೊರೆದ) ತೂತಿಗೆ ಕೂರಿಸುವ ಉಪಕರಣಗಳ ಬಗ್ಗೆ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ಬೆಸುಗೆಯಿಂದ ಹಚ್ಚುವ ಸ್ಟಡ್‌ಗಳು, ಗೋಡೆಗೆ ಸಿಡಿಸಿ ಹೊಡೆಯುವ ಮೊಳೆಗಳು ಈ ಪುಟಕ್ಕೆ ಸೇರಿಲ್ಲ. ಲೆಕ್ಕಗಳಿಗೆಲ್ಲ ಎಂ10 ಸ್ಟಡ್ ಅನ್ನೇ ತೆಗೆದುಕೊಂಡಿದ್ದೇನೆ. ಅದರ ವ್ಯಾಸ 10 ಮಿ.ಮೀ., ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) 1.5 ಮಿ.ಮೀ., ಬಲದ ದರ್ಜೆ 8.8. ಎಂಜಿನ್, ಪಂಪ್, ಗೇರ್‌ಬಾಕ್ಸ್ ಕೆಲಸದಲ್ಲಿ ಹೆಚ್ಚಾಗಿ ಕೈಗೆ ಸಿಗುವ ಅಳತೆ ಅದು.

ಬೋಲ್ಟ್ ಹಾಕಿದರೆ ಮುಗಿಯುವ ಕೆಲಸಕ್ಕೆ ಸ್ಟಡ್ ಏಕೆ?

ಎರಕ ಕಬ್ಬಿಣ, ಅಲ್ಯೂಮಿನಿಯಂ ಇವುಗಳಲ್ಲಿ ಕೊರೆದ ಥ್ರೆಡ್ ಉಕ್ಕಿನ ಬೋಲ್ಟ್‌ಗಿಂತ ಮೃದು. ಪ್ರತಿ ಸಲ ಬೋಲ್ಟ್ ಬಿಚ್ಚಿ ಹಾಕುವಾಗಲೂ ಸವೆಯುವುದು ಆ ಮೃದುವಾದ ಥ್ರೆಡ್. ಸ್ಟಡ್ ಒಮ್ಮೆ ಕೂತರೆ ಅಲ್ಲೇ ಉಳಿಯುತ್ತದೆ. ಬಿಚ್ಚುವುದು, ಬಿಗಿಯುವುದು ಎಲ್ಲವೂ ನಟ್ ಕಡೆ, ಅಂದರೆ ಉಕ್ಕಿನ ಮೇಲೆ ಉಕ್ಕು. ನಟ್ ಹಾಳಾದರೆ ಬದಲಿಸಬಹುದು. ಸಿಲಿಂಡರ್ ಬ್ಲಾಕ್ ಅನ್ನು ಹಾಗೆ ಬದಲಿಸುವವರು ಕಡಿಮೆ. ಗ್ಯಾಸ್ಕೆಟ್ ಅನ್ನು ಜಾರದಂತೆ ಸ್ಟಡ್‌ಗಳಿಗೆ ತೂಗುಹಾಕಿ ಸಿಲಿಂಡರ್ ಹೆಡ್ ಇಳಿಸಬಹುದು ಎಂಬುದು ಜೋಡಿಸುವವರಿಗೆ ಸಿಗುವ ಹೆಚ್ಚುವರಿ ಅನುಕೂಲ.

ತೂತಿನೊಳಗೆ ಎಷ್ಟು ಉದ್ದ ಇಳಿಯಬೇಕು?

ಅದು ತೂತಿನ ಲೋಹವನ್ನು ಅವಲಂಬಿಸಿದೆ. ಜರ್ಮನ್ ಮಾನಕಗಳು ಇದನ್ನೇ ಬೇರೆ ಬೇರೆ ಸಂಖ್ಯೆಗಳಾಗಿ ವಿಂಗಡಿಸಿವೆ. ಉಕ್ಕಿಗೆ ಸ್ಟಡ್ ವ್ಯಾಸದಷ್ಟು ಉದ್ದ ಇಳಿಯುವ ಡಿಐಎನ್ 938, ಎರಕ ಕಬ್ಬಿಣಕ್ಕೆ ಒಂದೂಕಾಲು ಪಟ್ಟಿನ ಡಿಐಎನ್ 939, ಅಲ್ಯೂಮಿನಿಯಂಗೆ ಎರಡು ಪಟ್ಟಿನ ಡಿಐಎನ್ 835. ಭಾರತದ ಸ್ಟಡ್ ಮಾನಕ ಐಎಸ್ 1862. ಉಪಕರಣ ವಿನ್ಯಾಸ ಮಾಡುವವನು ಇದನ್ನು ಏಕೆ ನೋಡಬೇಕೆಂದರೆ, ಅಲ್ಯೂಮಿನಿಯಂಗೆ ಇಳಿಸುವಾಗ ಸುತ್ತುಗಳು ಹೆಚ್ಚು. ಎಂ10ಕ್ಕೆ 20 ಮಿ.ಮೀ. ಎಂದರೆ ಸುಮಾರು ಹದಿಮೂರು ಸುತ್ತು. ಬಿಗಿ ಹೊಂದಿಕೆಯ (ತೂತಿನ ಥ್ರೆಡ್‌ಗಿಂತ ತುಸು ದಪ್ಪನೆಯ) ಥ್ರೆಡ್ ಆಗಿದ್ದರೆ ಹೆಚ್ಚುಕಡಿಮೆ ಅಷ್ಟೂ ಸುತ್ತು ಉಪಕರಣ ಬಲ ಹಾಕುತ್ತಲೇ ಇರಬೇಕು.

ಎರಡು ನಟ್ ಹಾಕಿ ಬಿಗಿದುಕೊಂಡರೆ ಸಾಕಲ್ಲವೇ?

ಹತ್ತಿಪ್ಪತ್ತು ಸ್ಟಡ್‌ಗಳಿಗೆ ಸಾಕು. ಯಾರಾದರೂ ಇದನ್ನು ಗ್ಯಾರೇಜ್ ಪದ್ಧತಿ ಎಂದು ಹಗುರವಾಗಿ ಮಾತನಾಡಿದರೆ ಒಪ್ಪಬೇಡಿ. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ವ್ಯವಸ್ಥೆ. ಸ್ಟಡ್ ಇಳಿಸುವಾಗ ಸ್ಪ್ಯಾನರ್ ಮೇಲಿನ ನಟ್‌ಗೆ. ಅದು ತಿರುಗಿ ಕೆಳಗೆ ಇಳಿಯಲು ಹೋದಷ್ಟೂ ಕೆಳಗಿನ ನಟ್ ಅದನ್ನು ತಡೆಯುತ್ತದೆ, ಹಿಡಿತ ತಾನೇ ಹೆಚ್ಚುತ್ತದೆ. ಸ್ಟಡ್ ತೆಗೆಯುವಾಗ ಸ್ಪ್ಯಾನರ್ ಕೆಳಗಿನ ನಟ್‌ಗೆ, ಕಾರಣ ಅದೇ. ಇದನ್ನು ತಿರುವುಮುರುವು ಮಾಡಿದವರೇ ನಟ್ ಜಾರುತ್ತದೆ ಎಂದು ದೂರುವುದು.

ತೊಂದರೆ ಎರಡು. ಎಂ10 ನಟ್‌ನ ಎತ್ತರ 8.4 ಮಿ.ಮೀ. ವರೆಗೆ ಇರುವುದರಿಂದ ಎರಡಕ್ಕೆ 17 ಮಿ.ಮೀ. ಥ್ರೆಡ್ ಹೊರಗಿರಬೇಕು, ಅಷ್ಟು ಇಲ್ಲದಿದ್ದರೆ ತೆಳು ನಟ್ ಹುಡುಕಬೇಕು. ಎರಡನೆಯದು ಸಮಯ. ಪ್ರತಿ ಸ್ಟಡ್‌ಗೂ ಎರಡು ನಟ್ ಇಳಿಸಿ, ಒಂದಕ್ಕೊಂದು ಬಿಗಿದು, ಕೂರಿಸಿ, ಬಿಡಿಸಿ, ಮತ್ತೆ ಎರಡನ್ನೂ ಮೇಲೇರಿಸಬೇಕು. ದಿನಕ್ಕೆ ನೂರು ಸ್ಟಡ್ ಕೂರಿಸುವ ಕಡೆ ಇದು ನಡೆಯುವ ಮಾತಲ್ಲ.

ಹಾಗಾದರೆ ಉಪಕರಣಗಳಲ್ಲಿ ಎಷ್ಟು ಬಗೆ?

ಸ್ಟಡ್‌ನ ಯಾವ ಭಾಗವನ್ನು ಹಿಡಿಯುತ್ತದೆ ಎಂಬುದರಿಂದ ಎರಡು ಕುಲ. ಥ್ರೆಡ್ ಹಿಡಿಯುವವು: ಒಳಥ್ರೆಡ್ ಇರುವ ಗಟ್ಟಿ ಡ್ರೈವರ್ ಮತ್ತು ದವಡೆ ತಾನಾಗಿ ತೆರೆಯುವ ಹೆಡ್. ನಡುವಿನ ಬೋಳು ಭಾಗವನ್ನು ಹಿಡಿಯುವವು: ರೋಲರ್, ಕಾಲೆಟ್ (ಸುತ್ತಲಿಂದ ಅಮುಕುವ ಸೀಳು ಕೊಳವೆ) ಮತ್ತು ಗರಗಸದಂತಹ ಹಲ್ಲುಗಳಿರುವ ಎಕ್ಸೆಂಟ್ರಿಕ್ (ನಡುವಿನಿಂದ ಸರಿದ ಅಚ್ಚಿನ) ಚಕ್ರ. ಪೂರ್ತಿ ಉದ್ದಕ್ಕೂ ಥ್ರೆಡ್ ಇರುವ ಫ್ಲೇಂಜ್ ಸ್ಟಡ್‌ಗಳಿಗೆ ಎರಡನೆಯ ಕುಲ ಬೇಡವೇ ಬೇಡ. ಹಿಡಿದ ಕಡೆ ಥ್ರೆಡ್ ನುಗ್ಗಾಗುತ್ತದೆ.

ಯಾವ ಬಗೆಯಾದರೂ ಹಿಡಿಯುವುದು ಕಷ್ಟದ ಕೆಲಸವಲ್ಲ. ಕೂತ ಸ್ಟಡ್ ಅನ್ನು ಅಲುಗಿಸದೆ ಬಿಟ್ಟು ಬರುವುದೇ ವಿನ್ಯಾಸದ ಅರ್ಧಕ್ಕಿಂತ ಹೆಚ್ಚು ಕೆಲಸ. ಮುಂದಿನ ಬಹುತೇಕ ಉತ್ತರಗಳು ಸುತ್ತಿ ಬಳಸಿ ಇದಕ್ಕೇ ಬರುತ್ತವೆ.

ಒಳಥ್ರೆಡ್ ಡ್ರೈವರ್ ಬಿಚ್ಚುವಾಗ ಸ್ಟಡ್ ಕೂಡ ಅದರೊಂದಿಗೇ ಹೊರಬರುತ್ತದೆ. ಏಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರ ಸ್ವಲ್ಪ ಉದ್ದ.

ಈ ಡ್ರೈವರ್ ಎಂದರೆ ಆರು ಮೂಲೆಯ ಒಂದು ಉಕ್ಕಿನ ತುಂಡು. ಕೆಳಗಿನಿಂದ ಸ್ಟಡ್ ಸುತ್ತಿಕೊಂಡು ಒಳಬರುತ್ತದೆ, ಮೇಲಿನಿಂದ ಇಳಿದ ನಡುಬೋಲ್ಟ್ ಅದರ ತುದಿಯನ್ನು ತಡೆಯುತ್ತದೆ. ತಿರುಗಿಸಿದಾಗ ಸ್ಟಡ್ ಇನ್ನೂ ಒಳಬರಲು ಹವಣಿಸುತ್ತದೆ, ನಡುಬೋಲ್ಟ್ ಬಿಡುವುದಿಲ್ಲ. ಸ್ಟಡ್ ತುದಿಗೂ ಬೋಲ್ಟ್‌ಗೂ ನಡುವೆ ಒತ್ತುಬಲ ಬೆಳೆಯುತ್ತದೆ. ನೀವು ಕೊಟ್ಟ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಸಾಟಿಯಾಗುವವರೆಗೂ ಅದು ಬೆಳೆಯುತ್ತದೆ.

30 ನ್ಯೂಟನ್ ಮೀಟರ್ ಟಾರ್ಕ್, ಘರ್ಷಣಾಂಕ 0.12 ಎಂದಿಟ್ಟುಕೊಳ್ಳಿ. ಎಂ10 ಥ್ರೆಡ್‌ನ ಪಿಚ್ ವ್ಯಾಸ (ಥ್ರೆಡ್‌ನ ಉಬ್ಬು ತಗ್ಗುಗಳ ನಡುಮಟ್ಟದ ವ್ಯಾಸ) 9.03 ಮಿ.ಮೀ., ಏರುಕೋನ ಸುಮಾರು 3 ಡಿಗ್ರಿ. ನಡುಬೋಲ್ಟ್‌ನ ತುದಿ ಚಪ್ಪಟೆಯಾಗಿದ್ದರೆ ಟಾರ್ಕ್‌ನ ಒಂದು ಪಾಲು ಅಲ್ಲಿನ ಘರ್ಷಣೆಯೂ ಹೊರುತ್ತದೆ. ಒತ್ತುಬಲ ಸುಮಾರು 24 ಕಿಲೋನ್ಯೂಟನ್ ಆಗುತ್ತದೆ. ಈಗ ಹಿಂದಕ್ಕೆ ತಿರುಗಿಸಿ. ಥ್ರೆಡ್‌ನ ಏರು ಬಿಚ್ಚಲು ಸಹಾಯ ಮಾಡುತ್ತದೆ, ಆದರೆ ಎರಡೂ ಕಡೆಯ ಘರ್ಷಣೆ ಅಡ್ಡ ನಿಲ್ಲುತ್ತದೆ. ಡ್ರೈವರ್ ಸಡಿಲವಾಗಲು ಬೇಕಾದ ಟಾರ್ಕ್ ಸುಮಾರು 18 ನ್ಯೂಟನ್ ಮೀಟರ್, ಅಂದರೆ ಹಾಕಿದ್ದರ ಶೇಕಡ 60.

ಸ್ಟಡ್‌ನ ಇನ್ನೊಂದು ತುದಿಯನ್ನು ನೋಡಿ. ಅದು ತೂತಿನ ತಳಕ್ಕೆ ತಾಗಿ ಕೂತಿದ್ದರೆ ಅಲ್ಲೂ ಇದೇ ಲೆಕ್ಕ, ಅಲ್ಲೂ ಸುಮಾರು 18. ಎರಡರಲ್ಲಿ ಯಾವುದು ಮೊದಲು ಸಡಿಲಗೊಳ್ಳುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಆದ್ದರಿಂದಲೇ ಕೆಲವು ಸ್ಟಡ್ ಉಳಿಯುತ್ತವೆ, ಕೆಲವು ಬರುತ್ತವೆ. ಕೆಲಸಗಾರನ ಕೈಗುಣವನ್ನು ದೂರಬೇಡಿ.

ಪರಿಹಾರ ಉಪಕರಣದಲ್ಲೇ ಇದೆ. ಒಂದು ಸ್ಪ್ಯಾನರ್‌ನಿಂದ ಡ್ರೈವರ್ ದೇಹವನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಮೊದಲು ನಡುಬೋಲ್ಟ್ ಸಡಿಲಿಸಬೇಕು. ಆ ಕ್ಷಣ ಒತ್ತುಬಲ ಇಲ್ಲವಾಗುತ್ತದೆ, ಉಳಿದ ದೇಹ ಬೆರಳಲ್ಲಿ ಬಿಚ್ಚಿ ಬರುತ್ತದೆ. ನಡುಬೋಲ್ಟ್ ಇಲ್ಲದ, ಬರೀ ತಳ ಮುಚ್ಚಿದ ಥ್ರೆಡ್ ತೂತಿನ ಡ್ರೈವರ್‌ಗಳನ್ನು ಮಾರುವವರೂ ಇದ್ದಾರೆ. ಅವನ್ನು ನಾನು ಅರ್ಧ ಉಪಕರಣ ಎಂದೇ ಎಣಿಸುತ್ತೇನೆ.

ನಡುಬೋಲ್ಟ್ ತುದಿಗೆ ಉಕ್ಕಿನ ಗುಂಡು ಇಡುವುದು ಏತಕ್ಕೆ?

ಮೇಲಿನ ಲೆಕ್ಕದಲ್ಲಿ ತುದಿಯ ಘರ್ಷಣೆಯ ತ್ರಿಜ್ಯವನ್ನು 3 ಮಿ.ಮೀ. ಎಂದು ಹಿಡಿದಿದ್ದೆ. ಗುಂಡು ಇಟ್ಟರೆ ಸಂಪರ್ಕ ನಡುಬಿಂದುವಿಗೆ ಸರಿಯುತ್ತದೆ, ಆ ತ್ರಿಜ್ಯ ಸೊನ್ನೆಯ ಹತ್ತಿರ ಬರುತ್ತದೆ. ಬಿಚ್ಚುವ ಟಾರ್ಕ್ 18ರಿಂದ 13ಕ್ಕೆ ಇಳಿಯುತ್ತದೆ. ಸ್ಟಡ್ 18ಕ್ಕೆ ಸಡಿಲಗೊಳ್ಳುವಾಗ ಡ್ರೈವರ್ 13ಕ್ಕೇ ಬಿಡುತ್ತದೆ ಎಂದರೆ ಒಳ್ಳೆಯ ಅಂತರ.

ಆದರೆ ಪುಕ್ಕಟೆಯಲ್ಲ. ತುದಿಯ ಘರ್ಷಣೆ ಹೊರುತ್ತಿದ್ದ ಪಾಲನ್ನೂ ಈಗ ಥ್ರೆಡ್ಡೇ ಹೊರಬೇಕು. ಅದೇ 30 ನ್ಯೂಟನ್ ಮೀಟರ್‌ಗೆ ಒತ್ತುಬಲ 34 ಕಿಲೋನ್ಯೂಟನ್ ದಾಟುತ್ತದೆ. 8.8 ದರ್ಜೆಯ ಎಂ10 ಸ್ಟಡ್‌ನ ಪ್ರೂಫ್ ಬಲವೇ (ಶಾಶ್ವತವಾಗಿ ಹಿಗ್ಗದೆ ತಾಳುವ ಬಲ) ಸುಮಾರು 33.6 ಕಿಲೋನ್ಯೂಟನ್. ಅಷ್ಟನ್ನು ಒಂದು ಸಣ್ಣ ಗುಂಡಿನ ಮೂಲಕ ಹಾಯಿಸಿದರೆ ಸ್ಟಡ್ ತುದಿಯಲ್ಲಿ ಕುಳಿ ಬೀಳುತ್ತದೆ, ಅಂಚು ಉಬ್ಬಿ ಮೊದಲ ಥ್ರೆಡ್‌ಗೆ ನಟ್ ಹತ್ತುವುದಿಲ್ಲ. ನನ್ನ ಆಯ್ಕೆ ಗುಂಡಿಗಿಂತ ದೊಡ್ಡ ತ್ರಿಜ್ಯದಲ್ಲಿ ಸ್ವಲ್ಪವೇ ಉಬ್ಬಿದ, ಗಡಸುಗೊಳಿಸಿದ ತುದಿ. ಸ್ಟಡ್ ತುದಿಗೂ ಧಾರಾಳವಾದ ಚಾಂಫರ್ (ಓರೆಯಾಗಿ ತೆಗೆದ ಅಂಚು) ಇರಲಿ.

ರೋಲರ್ ಡ್ರೈವರ್ ಹೇಗೆ ಹಿಡಿಯುತ್ತದೆ?

ಬಾಗಿಲ ಕೆಳಗೆ ಸಿಕ್ಕಿಸಿದ ಬೆಣೆ ತಳ್ಳಿದಷ್ಟೂ ಬಿಗಿಯುವ ಹಾಗೆ. ದೇಹದ ಒಳಗೋಡೆ ಪೂರ್ತಿ ವೃತ್ತವಲ್ಲ. ಅದರಲ್ಲಿ ಸಾಮಾನ್ಯವಾಗಿ ಮೂರು ಸಮತಟ್ಟು ಅಥವಾ ಬಾಗಿದ ಮುಖಗಳಿರುತ್ತವೆ. ಪ್ರತಿ ಮುಖಕ್ಕೂ ಒಂದು ಗಡಸು ರೋಲರ್. ದೇಹ ತಿರುಗಿದಾಗ ರೋಲರ್‌ಗಳು ಮುಖ ಕಿರಿದಾಗುವ ಕಡೆ ಉರುಳಿ ಸ್ಟಡ್‌ಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತವೆ. ಟಾರ್ಕ್ ಹೆಚ್ಚಿದಷ್ಟೂ ಹಿಡಿತ ಹೆಚ್ಚು.

ಇದಕ್ಕೆ ಒಂದೇ ಷರತ್ತು. ರೋಲರ್ ಸ್ಟಡ್‌ಗೆ ತಾಗುವ ಕಡೆಯ ಲಂಬಕ್ಕೂ ಗೋಡೆಗೆ ತಾಗುವ ಕಡೆಯ ಲಂಬಕ್ಕೂ ನಡುವಿನ ಕೋನವನ್ನು ಬೆಣೆಕೋನ ಎನ್ನೋಣ. ಅದರ ಅರ್ಧವು ಘರ್ಷಣಾಕೋನಕ್ಕಿಂತ ಕಡಿಮೆ ಇರಬೇಕು. ಎಣ್ಣೆ ಹತ್ತಿದ ಉಕ್ಕಿಗೆ ಘರ್ಷಣಾಂಕ 0.1 ಎಂದರೆ ಘರ್ಷಣಾಕೋನ 5.7 ಡಿಗ್ರಿ, ಬೆಣೆಕೋನ 11.4 ಡಿಗ್ರಿ ದಾಟಿದರೆ ರೋಲರ್ ಜಾರುತ್ತದೆ. ಲೆಕ್ಕದ ಅಂಚಿನಲ್ಲಿ ಯಾರೂ ವಿನ್ಯಾಸ ಮಾಡಬಾರದು. 8 ಡಿಗ್ರಿ ಸಮಂಜಸ. ತೀರಾ ಕಡಿಮೆ ಮಾಡಿದರೂ ಆಗದು. ಕೋನ ಕಿರಿದಾದಷ್ಟೂ ಒತ್ತುಬಲ ಏರಿ ದೇಹವೇ ಹಿಗ್ಗುತ್ತದೆ, ರೋಲರ್ ಬೆಣೆಯಲ್ಲಿ ಸಿಕ್ಕಿ ಮತ್ತೆ ಬಿಡುವುದಿಲ್ಲ.

ಇನ್ನೊಂದು ಚಿಕ್ಕ ಭಾಗವನ್ನು ಜನ ಮರೆಯುತ್ತಾರೆ: ರೋಲರ್‌ಗಳನ್ನು ಒಟ್ಟಿಗೆ ಹಿಡಿದಿಡುವ ಪಂಜರ ಮತ್ತು ಅದನ್ನು ಒಂದು ಕಡೆಗೆ ನವಿರಾಗಿ ತಳ್ಳುವ ಸ್ಪ್ರಿಂಗ್. ರೋಲರ್‌ಗಳು ಸ್ಟಡ್‌ಗೆ ಮೊದಲೇ ತಾಗಿರದಿದ್ದರೆ ಬೆಣೆಯ ಕೆಲಸ ಶುರುವೇ ಆಗುವುದಿಲ್ಲ. ಹಳೆಯ ಡ್ರೈವರ್ ಹಿಡಿಯುತ್ತಿಲ್ಲವೆಂದರೆ ರೋಲರ್ ಸವೆದಿದೆ ಎನ್ನುವ ಮುಂಚೆ ಒಳಗಿನ ಗ್ರೀಸ್ ಗಟ್ಟಿಯಾಗಿ ಪಂಜರ ಅಂಟಿದೆಯೇ ನೋಡಿ. ಸೀಮೆಎಣ್ಣೆಯಲ್ಲಿ ತೊಳೆದರೆ ಅರ್ಧ ಡ್ರೈವರ್‌ಗಳು ಸರಿಹೋಗುತ್ತವೆ.

ಒಂದೇ ರೋಲರ್ ಡ್ರೈವರ್ ಎರಡು ಮೂರು ಅಳತೆಗೆ ಬರುತ್ತದೆಯೇ?

ಇಲ್ಲ, ಮತ್ತು ಇದರ ಹಿಂದಿನ ಜ್ಯಾಮಿತಿ ಸ್ವಾರಸ್ಯವಾಗಿದೆ. ಗೋಡೆಯ ಮುಖ ಸಮತಟ್ಟು, ರೋಲರ್ ವ್ಯಾಸ 6 ಮಿ.ಮೀ. ಎಂದಿಟ್ಟು, ಸರಿಯಾಗಿ 10 ಮಿ.ಮೀ. ಸ್ಟಡ್‌ಗೆ ಬೆಣೆಕೋನ 8 ಡಿಗ್ರಿ ಬರುವಂತೆ ಕೊರೆದಿದ್ದೇವೆ. ಸ್ಟಡ್ 9.9 ಮಿ.ಮೀ. ಆದರೆ ಕೋನ 4.8ಕ್ಕೆ ಇಳಿಯುತ್ತದೆ. 10.1 ಆದರೆ 10.2 ಡಿಗ್ರಿಗೆ ಏರುತ್ತದೆ. 10.2 ಮಿ.ಮೀ. ಸ್ಟಡ್‌ಗೆ 12 ಡಿಗ್ರಿ, ಅಂದರೆ ಎಣ್ಣೆ ಇದ್ದರೆ ಜಾರುವುದು ಖಚಿತ. ಸ್ಟಡ್ 9.84ಕ್ಕಿಂತ ಸಣ್ಣದಾದರೆ ರೋಲರ್ ಮುಖದ ನಡುಭಾಗವನ್ನೇ ದಾಟಿ ಆಚೆ ಉರುಳಿಬಿಡುತ್ತದೆ, ಹಿಡಿತವೇ ಇಲ್ಲ. ಒಟ್ಟು ವ್ಯಾಪ್ತಿ 0.3 ಮಿ.ಮೀ. ಅಷ್ಟೇ.

ಇಲ್ಲಿ ಒಂದು ಬಲೆ ಇದೆ. ಥ್ರೆಡ್ ಅನ್ನು ರೋಲಿಂಗ್‌ನಿಂದ ಮೂಡಿಸಿದ ಕೆಲವು ಸ್ಟಡ್‌ಗಳ ಬೋಳು ಭಾಗ ಪಿಚ್ ವ್ಯಾಸದಷ್ಟೇ ಇರುತ್ತದೆ, ಎಂ10ಕ್ಕೆ ಸುಮಾರು 9 ಮಿ.ಮೀ. ಹೆಸರು ಎಂ10, ಡ್ರೈವರ್ ಮೇಲೂ ಎಂ10, ಆದರೂ ಗಿರಗಿರನೆ ತಿರುಗುತ್ತದೆ. ಕೊಳ್ಳುವ ಮುಂಚೆ ವರ್ನಿಯರ್‌ನಲ್ಲಿ ಬೋಳು ಭಾಗ ಅಳೆಯಿರಿ.

ಸಮತಟ್ಟು ಮುಖದ ಬದಲು ಲಾಗರಿದಮಿಕ್ ಸುರುಳಿಯ ಆಕಾರ ಕೊಟ್ಟರೆ ವ್ಯಾಸ ಬದಲಾದರೂ ಕೋನ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಿಂದೆ ಅದನ್ನು ಕೊರೆಯುವುದು ತಲೆನೋವಾಗಿತ್ತು. ಇಂದು ವೈರ್‌ಕಟ್ ಯಂತ್ರಕ್ಕೆ (ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ಯಂತ್ರ) ನೇರ ಗೆರೆಯೂ ಒಂದೇ, ಸುರುಳಿಯೂ ಒಂದೇ. ಹೊಸದಾಗಿ ಮಾಡುವವರು ಸುರುಳಿಯನ್ನೇ ಆರಿಸಲಿ.

ರೋಲರ್ ಹಿಡಿದ ಕಡೆ ಗೆರೆ ಬೀಳುತ್ತದೆ. ಡ್ರೈವರ್ ಕಳಪೆಯೇ?

ಕಳಪೆಯಲ್ಲ, ಗೆರೆ ಬೀಳುವುದು ಸಹಜ. 30 ನ್ಯೂಟನ್ ಮೀಟರ್ ಅನ್ನು 5 ಮಿ.ಮೀ. ತ್ರಿಜ್ಯದಲ್ಲಿ ಹೊರಬೇಕೆಂದರೆ ಸ್ಪರ್ಶರೇಖೆಯಲ್ಲಿ ಒಟ್ಟು 6000 ನ್ಯೂಟನ್, ಮೂರು ರೋಲರ್‌ಗೆ ತಲಾ 2000. 8 ಡಿಗ್ರಿ ಬೆಣೆಯಲ್ಲಿ ಇದಕ್ಕೆ ತಕ್ಕ ಒಳಮುಖ ಒತ್ತುಬಲ ಪ್ರತಿ ರೋಲರ್‌ಗೆ ಸುಮಾರು 28,600 ನ್ಯೂಟನ್. ಮೂರು ಟನ್‌ಗೆ ಸ್ವಲ್ಪವೇ ಕಡಿಮೆ! 15 ಮಿ.ಮೀ. ಉದ್ದದ ರೋಲರ್‌ಗೆ ಹರ್ಟ್ಜ್ ಸೂತ್ರ (ಬಾಗಿದ ಮೇಲ್ಮೈಗಳು ತಾಗುವಲ್ಲಿನ ಒತ್ತಡದ ಸೂತ್ರ) ಹಾಕಿದರೆ ಸಂಪರ್ಕದ ಒತ್ತಡ 6000 ಮೆಗಾಪಾಸ್ಕಲ್ ಎಂದು ಬರುತ್ತದೆ. 8.8 ದರ್ಜೆಯ ಉಕ್ಕು ಎಳೆತದಲ್ಲಿ ತಡೆಯುವುದು 800. ಹಾಗಾಗಿ ಸೂತ್ರ ಹೇಳುವ ಒತ್ತಡ ನಿಜವಾಗಿ ಬರುವುದೇ ಇಲ್ಲ; ಅದಕ್ಕೆ ಬಹಳ ಮುಂಚೆಯೇ ಸ್ಟಡ್‌ನ ಮೇಲ್ಮೈ ಬಗ್ಗಿ, ಸಂಪರ್ಕ ಅಗಲವಾಗಿ, ಬಲ ಹಂಚಿಹೋಗುತ್ತದೆ. ಆ ಬಗ್ಗುವಿಕೆಯೇ ಕಣ್ಣಿಗೆ ಕಾಣುವ ಗೆರೆ.

ರೋಲರ್ ಉದ್ದ ಹೆಚ್ಚಿಸಿದರೆ ಗೆರೆ ತೆಳುವಾಗುತ್ತದೆ. ಐದು ರೋಲರ್ ಹಾಕಿದರೂ ಅಷ್ಟೇ, ಆದರೆ ಐದೂ ಸಮನಾಗಿ ಭಾರ ಹೊರುವಂತೆ ಮಾಡಲು ನಿಖರತೆ ಬೇಕು. ಮೂರು ಮಾತ್ರ ತಾವಾಗಿ ನಡುವನ್ನು ಹುಡುಕಿಕೊಳ್ಳುತ್ತವೆ. ಸಾಮಾನ್ಯ ಕವರ್, ಮ್ಯಾನಿಫೋಲ್ಡ್ ಸ್ಟಡ್‌ಗಳಿಗೆ ಈ ಗೆರೆಯಿಂದ ಹಾನಿಯಿಲ್ಲ. ಪದೇ ಪದೇ ಏರಿಳಿಯುವ ಭಾರ ಹೊರುವ ಕನೆಕ್ಟಿಂಗ್ ರಾಡ್, ಸಿಲಿಂಡರ್ ಹೆಡ್ ಸ್ಟಡ್‌ಗಳ ಬೋಳು ಭಾಗದ ಮೇಲೆ ಮಾತ್ರ ರೋಲರ್ ಇಡಬೇಡಿ. ದಣಿವಿನ ಬಿರುಕು ಹುಟ್ಟಲು ಅಂಥ ಗೆರೆ ಸಾಕು. ಪ್ಲೇಟಿಂಗ್ ಇರುವ ಸ್ಟಡ್‌ನಲ್ಲಿ ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ರೋಲರ್ ಡ್ರೈವರ್ ತೆಗೆಯುವುದು ಹೇಗೆ?

ಸ್ವಲ್ಪವೇ ಹಿಂದೆ ತಿರುಗಿಸಿ ನೇರವಾಗಿ ಮೇಲಕ್ಕೆ ಎಳೆಯಿರಿ. ಮುಖ ಎರಡೂ ಕಡೆಗೆ ಒಂದೇ ರೀತಿ ಇರುವ ಡ್ರೈವರ್ ಆದರೆ ಹೆಚ್ಚು ತಿರುಗಿಸಿದಾಗ ಅದು ಇನ್ನೊಂದು ಕಡೆ ಬೆಣೆ ಹಾಕಿಕೊಂಡು ಸ್ಟಡ್ ಅನ್ನೇ ಬಿಚ್ಚಲು ತೊಡಗುತ್ತದೆ. ಇಳಿಸಲು ಮಾತ್ರ ಬೇಕೆಂದರೆ ಒಮ್ಮುಖದ್ದನ್ನೇ ಕೊಳ್ಳಿ.

ಕಾಲೆಟ್ ಬಗೆ?

ಸುತ್ತಲೂ ಸಮನಾಗಿ ಅಮುಕುವುದರಿಂದ ಗುರುತು ಬಹಳ ಕಡಿಮೆ. ಬಿಗಿಯುವುದಕ್ಕೂ ಬಿಡುವುದಕ್ಕೂ ಪ್ರತ್ಯೇಕ ನಟ್ ಇರುವುದರಿಂದ ಸ್ಟಡ್ ಅಲುಗುವುದೂ ಇಲ್ಲ. ಆದರೆ ನಿಧಾನ, ಮತ್ತು ಸ್ಟಡ್ ಮೇಲೆ ಎಣ್ಣೆಯ ಪಸೆ ಇದ್ದರೆ ಹಿಡಿತ ಕುಸಿಯುತ್ತದೆ. ಬೆಲೆಬಾಳುವ ಸ್ಟಡ್‌ಗಳಿಗೆ, ದುರಸ್ತಿ ಕೆಲಸಕ್ಕೆ ಒಳ್ಳೆಯದು.

ಹಲ್ಲುಚಕ್ರದ ಎಕ್ಸೆಂಟ್ರಿಕ್ ಉಪಕರಣದಿಂದ ಹೊಸ ಸ್ಟಡ್ ಕೂರಿಸಬಹುದೇ?

ಬೇಡ. ಅದು ಒಂದೇ ಕಡೆಯಿಂದ ಕಚ್ಚುತ್ತದೆ. ಸ್ಟಡ್ ಬಾಗುತ್ತದೆ, ಮೈಗೆ ಹಲ್ಲಿನ ಗುರುತು ಆಳವಾಗಿ ಬೀಳುತ್ತದೆ. ಬಿಸಾಡಲಿರುವ ಸ್ಟಡ್ ತೆಗೆಯಲು ಮಾತ್ರ ಅದು.

ಕಾರ್ಖಾನೆಗಳಲ್ಲಿ ಹಿಂದಕ್ಕೆ ತಿರುಗಿಸದೆಯೇ ಹೆಡ್ ಎತ್ತಿಕೊಳ್ಳುತ್ತಾರಲ್ಲ, ಅದು ಹೇಗೆ?

ಅದು ದವಡೆ ತೆರೆಯುವ ಹೆಡ್. ಒಳಥ್ರೆಡ್ ಇರುವ ತುಂಡನ್ನು ಉದ್ದಕ್ಕೆ ಎರಡು ಅಥವಾ ಮೂರು ದವಡೆಗಳಾಗಿ ಸೀಳಿ, ಒಂದು ಟೇಪರ್ (ಕ್ರಮೇಣ ಕಿರಿದಾಗುವ) ತೋಳಿನೊಳಗೆ ಕೂರಿಸಿರುತ್ತಾರೆ. ಸಾಮಾನ್ಯ ವಿನ್ಯಾಸವೊಂದರಲ್ಲಿ ಸ್ಟಡ್ ಒಳಬಂದು ತಡೆಗೆ ತಾಗುತ್ತದೆ, ತೋಳು ದವಡೆಗಳನ್ನು ಮುಚ್ಚಿ ಹಿಡಿಯುತ್ತದೆ, ಸ್ಟಡ್ ಇಳಿಯುತ್ತದೆ. ನಿಗದಿತ ಆಳ ಬಂದಾಗ ಹೆಡ್‌ನ ಮೂತಿ ಕೆಲಸದ ಮುಖಕ್ಕೆ ತಾಗಿ ತೋಳು ನಿಲ್ಲುತ್ತದೆ. ಸ್ಟಡ್ ಮಾತ್ರ ದವಡೆಗಳನ್ನು ಇನ್ನೂ ಮುಂದಕ್ಕೆ ಸೆಳೆಯುತ್ತದೆ. ದವಡೆಗಳು ಟೇಪರ್‌ನಿಂದ ಹೊರಬಂದು ತೆರೆದುಕೊಳ್ಳುತ್ತವೆ.

ಗಮನಿಸಬೇಕಾದ್ದು ಇಲ್ಲಿದೆ. ರೋಲರ್ ಡ್ರೈವರ್‌ನಲ್ಲಿ ಕೋನ ಘರ್ಷಣೆಯ ಮಿತಿಯ ಒಳಗಿರಬೇಕಿತ್ತು. ಇಲ್ಲಿ ಟೇಪರ್ ಕೋನ ಆ ಮಿತಿಯನ್ನು ದಾಟಿರಲೇಬೇಕು. ಇಲ್ಲವಾದರೆ ಭಾರ ಇರುವಾಗ ದವಡೆ ಕಚ್ಚಿಕೊಂಡು ತೆರೆಯುವುದೇ ಇಲ್ಲ. ತೆರೆಯುವ ಬಲ ಎಲ್ಲಿಂದ ಬರುತ್ತದೆ? ಥ್ರೆಡ್‌ನ ಇಳಿಜಾರಿನಿಂದಲೇ. ಮೆಟ್ರಿಕ್ ಥ್ರೆಡ್‌ನ ಪಕ್ಕಗಳು 30 ಡಿಗ್ರಿ ವಾಲಿರುವುದರಿಂದ, ಉದ್ದಕ್ಕೆ 20 ಕಿಲೋನ್ಯೂಟನ್ ಬಲವಿದ್ದರೆ ಘರ್ಷಣೆ ಬಿಟ್ಟು ಲೆಕ್ಕ ಹಾಕಿದಾಗ 11.5 ಕಿಲೋನ್ಯೂಟನ್ ದವಡೆಗಳನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಮುಚ್ಚಿಡುವಾಗ ತೋಳಿಗೆ ಅದೇ ಶತ್ರು, ಬಿಡುವಾಗ ಅದೇ ಮಿತ್ರ.

ಆಳ ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ಹೇಗೆ?

ಹೊರಗೆ ಉಳಿಯುವ ಉದ್ದವನ್ನು ಅಳೆಯಿರಿ, ಒಳಗೆ ಹೋದದ್ದನ್ನಲ್ಲ. ಡ್ರೈವರ್ ದೇಹದ ಕೆಳಗೆ ಬೇಕಾದ ಎತ್ತರದ ಒಂದು ತೋಳು ಜೋಡಿಸಿದರೆ ಅದು ಕೆಲಸದ ಮುಖಕ್ಕೆ ತಾಗಿದಾಗ ನಿಲ್ಲಿಸಬಹುದು. ಸ್ಟಡ್ ನೆಟ್ಟಗೆ ನಿಲ್ಲುವುದು ಟ್ಯಾಪ್ ಹೊಡೆದವನ ಕೈಯಲ್ಲಿದೆ. ಡ್ರೈವರ್ ಅದನ್ನು ತಿದ್ದಲಾರದು, ತಿದ್ದಲು ಹೋದರೆ ಸ್ಟಡ್ ಬಾಗುತ್ತದೆ.

ಸ್ಟಡ್ ಅನ್ನು ಎಷ್ಟು ಬಿಗಿಯಬೇಕು? ತಳಕ್ಕೆ ಕೂರಿಸಬೇಕೇ?

ತಯಾರಕರ ಕೈಪಿಡಿ ಏನು ಹೇಳುತ್ತದೋ ಅದು. ಹಲವು ಸಿಲಿಂಡರ್ ಹೆಡ್ ಸ್ಟಡ್‌ಗಳಿಗೆ ಬೆರಳಿನ ಬಿಗಿ ಸಾಕೆಂದೇ ಬರೆದಿರುತ್ತದೆ; ಅಲ್ಲಿ ಡ್ರೈವರ್ ಹಿಡಿದು ಬಲ ತೋರಿಸುವುದು ಅನಗತ್ಯ.

ಕೈಪಿಡಿ ಇಲ್ಲದಿದ್ದರೆ ಹೀಗೆ ಯೋಚಿಸಿ. 8.8 ದರ್ಜೆಯ ಎಂ10 ನಟ್ ಅನ್ನು ಪ್ರೂಫ್ ಬಲದ ಮುಕ್ಕಾಲಿಗೆ ಬಿಗಿಯಲು ಸುಮಾರು 50 ನ್ಯೂಟನ್ ಮೀಟರ್ ಬೇಕು. ಅದರಲ್ಲಿ ಸುಮಾರು ಅರ್ಧ ನಟ್ ಮುಖದ ಕೆಳಗಿನ ಘರ್ಷಣೆಗೇ ಹೋಗುತ್ತದೆ. ಉಳಿದ 25 ಥ್ರೆಡ್ ಮೂಲಕ ಸ್ಟಡ್‌ಗೆ ತಲುಪಿ ಅದನ್ನೂ ತಿರುಗಿಸಲು ನೋಡುತ್ತದೆ. ಬಿಗಿಯುವಾಗ ಇದು ತೊಂದರೆಯಲ್ಲ. ನಾಲ್ಕು ವರ್ಷದ ನಂತರ ತುಕ್ಕು ಹಿಡಿದ ನಟ್ ಬಿಚ್ಚುವಾಗ ಅದೇ ಬಲ ಉಲ್ಟಾ ಬರುತ್ತದೆ, ಸ್ಟಡ್ ನಟ್ ಜೊತೆಗೇ ಎದ್ದು ಬರುತ್ತದೆ. ಸ್ಟಡ್ ಕಚ್ಚಿಕೊಂಡಿರುವುದು ಇದನ್ನು ತಡೆಯಲಿಕ್ಕೆ.

ಕಚ್ಚಿಸಲು ದಾರಿಗಳು ಹಲವು: ಬಿಗಿ ಹೊಂದಿಕೆಯ ಥ್ರೆಡ್, ಥ್ರೆಡ್ ಮುಗಿಯುವಲ್ಲಿನ ಅಪೂರ್ಣ ಸುತ್ತುಗಳನ್ನು ತೂತಿನ ಬಾಯಿಗೆ ಸಿಕ್ಕಿಸುವುದು, ಕಾಲರ್, ತಳಕ್ಕೆ ತಾಗಿಸುವುದು, ಅಥವಾ ಥ್ರೆಡ್ ಅಂಟು. ಅಪೂರ್ಣ ಸುತ್ತುಗಳನ್ನು ಅಲ್ಯೂಮಿನಿಯಂ ತೂತಿಗೆ ನುಗ್ಗಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಬಾಯಿಯ ಸುತ್ತ ಲೋಹ ಉಬ್ಬಿ ಗ್ಯಾಸ್ಕೆಟ್ ಸರಿಯಾಗಿ ಕೂರುವುದಿಲ್ಲ. ತೂತಿಗೆ ಒಂದು ಕೌಂಟರ್‌ಸಿಂಕ್ (ಬಾಯಿಯಲ್ಲಿ ಶಂಕುವಿನಾಕಾರದ ಅಗಲ) ಕೊಟ್ಟರೆ ಅಷ್ಟರಮಟ್ಟಿಗೆ ಪರವಾಗಿಲ್ಲ.

ತೂತಿಗೆ ಎಣ್ಣೆ ಹಾಕಬಹುದೇ?

ಆರಪಾರ ತೂತಾದರೆ ಹಾಕಿ. ತಳ ಮುಚ್ಚಿದ ತೂತಿಗೆ ಎಣ್ಣೆ ಸುರಿದು ಸ್ಟಡ್ ಇಳಿಸುವುದು ಅಪಾಯ. ಎಣ್ಣೆ ಕುಗ್ಗುವುದಿಲ್ಲ; ಸ್ಟಡ್ ಪಿಸ್ಟನ್‌ನಂತೆ ವರ್ತಿಸುತ್ತದೆ. ಥ್ರೆಡ್ ಮೂಲಕ ಸೋರಲು ದಾರಿ ಸಿಗದಿದ್ದರೆ ಒತ್ತಡ ನೂರಾರು ಮೆಗಾಪಾಸ್ಕಲ್‌ಗೆ ಏರಬಲ್ಲದು. ಎಫ್‌ಜಿ 250 ದರ್ಜೆಯ ಎರಕ ಕಬ್ಬಿಣ ಎಳೆತದಲ್ಲಿ ತಡೆಯುವುದೇ 250. ಬ್ಲಾಕ್ ಸೀಳಿದ ಸದ್ದು ಕೇಳಿದವರು ಮತ್ತೆ ಆ ತಪ್ಪು ಮಾಡುವುದಿಲ್ಲ. ಗಾಳಿ ಊದಿ ತೂತು ಒಣಗಿಸಿ, ಎಣ್ಣೆಯನ್ನು ಸ್ಟಡ್‌ಗೆ ಸವರಿ.

ಗಾಳಿ ಸಿಗದಾಗ ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುವ ಥ್ರೆಡ್ ಅಂಟಿಗೂ ಇದೇ ಎಚ್ಚರಿಕೆ: ಒಂದೆರಡು ಹನಿ ಸಾಕು. ಅಂಟು ಹಚ್ಚಿದ ಮೇಲೆ ಡ್ರೈವರ್ ಅನ್ನು ತಕ್ಷಣ ಬಿಡಿಸಿ. ಅಂಟು ಅರ್ಧ ಗಟ್ಟಿಯಾದಾಗ ಅಲುಗಿಸಿದರೆ ಆ ಕೂಡಿಕೆಯ ಬಲ ಹೋಯಿತು.

ಇಂಪ್ಯಾಕ್ಟ್ ರೆಂಚ್‌ಗೆ ಸ್ಟಡ್ ಡ್ರೈವರ್ ಸಿಕ್ಕಿಸಬಹುದೇ?

ಇಂಪ್ಯಾಕ್ಟ್‌ಗೆಂದೇ ಮಾಡಿದ ಡ್ರೈವರ್ ಅಲ್ಲದಿದ್ದರೆ ಬೇಡ. ಪ್ರತಿ ಹೊಡೆತಕ್ಕೂ ರೋಲರ್ ಸಡಿಲಾಗಿ ಮತ್ತೆ ಕಚ್ಚುತ್ತದೆ, ಗಡಸು ರೋಲರ್ ಸಿಡಿಯುತ್ತದೆ. ಮೇಲಾಗಿ ಟಾರ್ಕ್ ಎಷ್ಟು ಹೋಯಿತು ಎಂದು ತಿಳಿಯುವುದಿಲ್ಲ. ನಿಗದಿತ ಟಾರ್ಕ್‌ಗೆ ಬಿಡುವ ಕ್ಲಚ್ ಇರುವ ಗಾಳಿ ಅಥವಾ ವಿದ್ಯುತ್ ಉಪಕರಣ ಬಳಸಿ.

ನಮ್ಮ ವರ್ಕ್‌ಶಾಪ್‌ನಲ್ಲೇ ತಯಾರಿಸಿಕೊಳ್ಳಬಹುದೇ? ಯಾವ ಉಕ್ಕು?

ಒಳಥ್ರೆಡ್ ಡ್ರೈವರ್ ಅನ್ನು ಲೇತ್, ಟ್ಯಾಪ್ ಇರುವ ಯಾರೂ ಮಾಡಿಕೊಳ್ಳಬಹುದು. ದೇಹಕ್ಕೆ ಇಎನ್24 (ನಿಕಲ್, ಕ್ರೋಮಿಯಂ ಬೆರೆತ ಬಲವಾದ ಉಕ್ಕು), ಹದ ಕೊಟ್ಟದ್ದು. ಇಎನ್8 ಎಂಬ ಸಾಧಾರಣ ಕಾರ್ಬನ್ ಉಕ್ಕಿನಲ್ಲಿ ಮಾಡಿದ್ದು ಕೆಲವು ತಿಂಗಳು ನಡೆಯುತ್ತದೆ, ಆಮೇಲೆ ಥ್ರೆಡ್ ಹಿಗ್ಗುತ್ತದೆ. ಸ್ಟಡ್ ವ್ಯಾಸದ ಒಂದೂವರೆ ಪಟ್ಟು ಉದ್ದ ಥ್ರೆಡ್ ಹಿಡಿಯುವಂತಿರಲಿ. ಹೆಚ್ಚು ಕೊಟ್ಟರೆ ಸುತ್ತುವ ಸಮಯ ಹೆಚ್ಚುತ್ತದೆಯೇ ಹೊರತು ಬಲವಲ್ಲ. ನಡುಬೋಲ್ಟ್ 12.9 ದರ್ಜೆಯ ಅಲೆನ್ ಬೋಲ್ಟ್ ಆಗಲಿ, ತುದಿಯನ್ನು ಉಬ್ಬಾಗಿ ಗ್ರೈಂಡ್ ಮಾಡಿ.

ರೋಲರ್ ಡ್ರೈವರ್‌ಗೆ ಕೈ ಹಾಕುವುದಾದರೆ ರೋಲರ್‌ಗಳನ್ನು ಮಾಡಲು ಹೋಗಬೇಡಿ, ಬೇರಿಂಗ್‌ನ ರೋಲರ್‌ಗಳನ್ನೇ ಕೊಳ್ಳಿ. ಅವು ಬೇರಿಂಗ್ ಉಕ್ಕಿನವು, ಗಡಸುತನ ರಾಕ್‌ವೆಲ್ ಸಿ 60ರ ಆಸುಪಾಸು, ಅಳತೆಯ ನಿಖರತೆ ನಿಮ್ಮ ಗ್ರೈಂಡಿಂಗ್‌ಗಿಂತ ಮೇಲು. 8.8 ದರ್ಜೆಯ ಸ್ಟಡ್ 22ರಿಂದ 32ರೊಳಗೆ ಇರುತ್ತದೆ, ಹಾಗಾಗಿ ಸವೆಯುವುದು ಸ್ಟಡ್. ದೇಹಕ್ಕೆ ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಅದ್ದಿ ಗಡಸುಗೊಳಿಸುವ) ಉಕ್ಕು: ಹದ ಕೊಟ್ಟ ನಂತರ ವೈರ್‌ಕಟ್ ಮಾಡಿಸಿ, ಮೊದಲು ಕೊರೆದು ಆಮೇಲೆ ಹದ ಕೊಟ್ಟರೆ ಮುಖಗಳು ತಿರುಚಿ 0.3 ಮಿ.ಮೀ. ವ್ಯಾಪ್ತಿಯಲ್ಲಿ ಅರ್ಧ ಅಲ್ಲೇ ಕಳೆದುಹೋಗುತ್ತದೆ. ಗೋಡೆ ದಪ್ಪವಿರಲಿ. ಮೂರು ಕಡೆಯಿಂದ ತಲಾ 28 ಕಿಲೋನ್ಯೂಟನ್ ತಳ್ಳುವಾಗ ತೆಳು ಗೋಡೆ ಹಿಗ್ಗಿ, ರೋಲರ್ ಮುಖದ ನಡುವನ್ನು ದಾಟಿಬಿಡುತ್ತದೆ. ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ವೈರ್‌ಕಟ್, ಹೀಟ್ ಟ್ರೀಟ್‌ಮೆಂಟ್ ಎರಡನ್ನೂ ಜಾಬ್ ವರ್ಕ್ ಮೇಲೆ ಮಾಡಿಕೊಡುವವರು ಸಿಗುತ್ತಾರೆ. ಡ್ರಾಯಿಂಗ್‌ನಲ್ಲಿ ಗಡಸುತನದ ಅಂಕಿ ಬರೆದು ಕೊಡಿ, ಬಾಯಿಮಾತಿನಲ್ಲಿ ಗಟ್ಟಿ ಮಾಡಿ ಎಂದರೆ ಅವರವರ ಗಟ್ಟಿ ಅವರವರಿಗೆ.

ಹಳೆಯ ಸ್ಟಡ್ ಅಲ್ಯೂಮಿನಿಯಂ ಕೇಸಿಂಗ್‌ನಿಂದ ಬರುತ್ತಿಲ್ಲ. ಇನ್ನಷ್ಟು ಬಲ ಹಾಕಲೇ?

ಬಲಕ್ಕಿಂತ ಶಾಖ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು, ಆದ್ದರಿಂದ ಕೇಸಿಂಗ್ ಬಿಸಿಯಾದರೆ ತೂತು ಸ್ಟಡ್‌ಗಿಂತ ಹೆಚ್ಚು ಅಗಲವಾಗುತ್ತದೆ. ಬಿಸಿಗಾಳಿಯ ಗನ್‌ನಿಂದ ಸುತ್ತಲಿನ ಲೋಹವನ್ನು ಕಾಯಿಸಿ, ಸ್ಟಡ್ ಅನ್ನಲ್ಲ. ಬಲವಾದ ಥ್ರೆಡ್ ಅಂಟು ಹಚ್ಚಿದ್ದರೆ ಅದು ಮೆತ್ತಗಾಗಲು 250 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಕು. ಅಷ್ಟು ಬಿಸಿಗೆ ಹತ್ತಿರದ ಆಯಿಲ್ ಸೀಲ್ ತಾಳುವುದಿಲ್ಲ, ಮೊದಲೇ ತೆಗೆದಿಡಿ. ಆಮೇಲೆ ರೋಲರ್ ಡ್ರೈವರ್ ಅನ್ನು ಕೇಸಿಂಗ್ ಮುಖಕ್ಕೆ ಆದಷ್ಟು ಹತ್ತಿರ ಕೂರಿಸಿ, ಎರಡೂ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತಾ ಬಿಡಿಸಿ. ಮೇಲಿನ ತುದಿಯಲ್ಲಿ ಹಿಡಿದರೆ ಸ್ಟಡ್‌ನ ಪೂರ್ತಿ ಉದ್ದ ತಿರುಚುತ್ತದೆ, ಮುಖದ ಮಟ್ಟದಲ್ಲೇ ತುಂಡಾಗುತ್ತದೆ. ಆಗ ಡ್ರಿಲ್ ಹಾಕಿ ತೆಗೆಯುವುದೊಂದೇ ದಾರಿ.